ಮಾವಶಿ ಅತ್ತಳೋ ಇಲ್ಲವೋ

ನಾನು ಕತೆ ಬರೆಯುತ್ತೇನೆಂದು ಮೊಟ್ಟಮೊದಲು ಕಂಡುಹಿಡಿದವರು ಲಾರಿಗಳ ಪಾಟಾ, ಅಂದರೆ ಅಡಿಯ ಸ್ಪ್ರಿಂಗ್ ಪಟ್ಟಿ, ರಿಪೇರಿ ಮಾಡುವ ಒಬ್ಬ ಚಾಚಾ. ಅದೂ ನನ್ನದೇ ತಪ್ಪಿನಿಂದ. ಬೆಳಗಾವಿಯ ಆಟೋ ನಗರದಲ್ಲಿ ಲಾರಿ ಬಿಡಿಭಾಗ ಮಾರುವ ಅಂಗಡಿಯೊಂದರಲ್ಲಿ ನಾನು ಬಿಲ್ ಬರೆಯುವ ಕೆಲಸಕ್ಕಿದ್ದೇನೆ. ಮಧ್ಯಾಹ್ನ ಊಟದ ಮೇಲೆ ಗಿರಾಕಿಗಳು ಕಡಿಮೆ. ಆ ಹೊತ್ತಿನಲ್ಲಿ ಹಳೆಯ ಚಲನ್ ಪುಸ್ತಕಗಳ ಹಾಳೆಗಳ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಬರೆಯುತ್ತಿದ್ದೆ. ಒಂದು ದಿನ ಅವಸರದಲ್ಲಿ ಅಂಥದೇ ಒಂದು ಹಾಳೆಯ ಮೇಲೆ ಸಾಮಾನಿನ ಪಟ್ಟಿ ಬರೆದು ಚಾಚಾನ ಕೈಗೆ ಕೊಟ್ಟುಬಿಟ್ಟೆ.

ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಅವರು ಬಂದು ನಿಂತಿದ್ದರು. ಸಾಮಾನಿನಲ್ಲಿ ಏನೋ ಹೆಚ್ಚುಕಡಿಮೆ ಆಗಿದೆ ಎಂದುಕೊಂಡೆ.

"ಒಂಬತ್ತ ವರ್ಷದ ಮ್ಯಾಲ ಗಂಡ ಬಂದು ಬಾಗಲದಾಗ ನಿಂತಾನ," ಅಂದರು ಚಾಚಾ. "ಮುಂದ ಏನಾತು ಬೇಟಿ?"

ನನ್ನ ಕಿವಿ ಬಿಸಿಯಾಯಿತು. ಬರೆಯುವ ವಿಷಯ ಮನೆಯಲ್ಲಿ ನನ್ನ ಗಂಡನಿಗೂ ಸರಿಯಾಗಿ ಗೊತ್ತಿರಲಿಲ್ಲ. "ಇನ್ನೂ ಬರದಿಲ್ಲ ಚಾಚಾ" ಎಂದು ಸುಳ್ಳು ಹೇಳಿದೆ. ಬರೆದಾಗಿತ್ತು.

"ಬರದು ಮುಗಿಸು. ಐತವಾರ ನಮ್ಮ ಅಂಗಡಿ ಮ್ಯಾಲಿನ ಖೋಲಿಗೆ ತಗೊಂಡು ಬಾ. ಏಳೆಂಟ ಮಂದಿ ಕೂಡತೀವಿ. ಎಲ್ಲಾರೂ ಇದೇ ರೋಗದವರು."

ಚಾಚಾನೂ ಬರೆಯುತ್ತಿದ್ದರು. ಮನೆಯಲ್ಲಿ ಉರ್ದು, ಬರೆಯುವುದು ಕನ್ನಡದಲ್ಲಿ. ಅವರ ಪ್ರತಿ ಕತೆಯಲ್ಲೂ ಒಂದು ಲಾರಿ ಇದ್ದೇ ಇರುತ್ತದೆ ಎಂಬುದು ಆಮೇಲೆ ತಿಳಿಯಿತು.

ಎರಡು ಭಾನುವಾರ ಹೋಗಲಿಲ್ಲ. ಮೂರನೆಯ ಭಾನುವಾರ ಹೋದೆ, ಯಾಕೆ ಹೋದೆನೋ ಇವತ್ತಿಗೂ ಹೇಳಲಾರೆ. ವಾರದ ರಜೆಯಲ್ಲಿ ಆಟೋ ನಗರ ಬೇರೆಯೇ ಊರಿನಂತೆ ಕಾಣುತ್ತಿತ್ತು. ಬಡಿತ, ಕೊರೆತ, ವೆಲ್ಡಿಂಗ್ ಯಾವುದೂ ಇಲ್ಲ. ಕಬ್ಬಿಣದ ಮೆಟ್ಟಿಲು ಹತ್ತಿ ಹೋದರೆ ಒಂದು ಉದ್ದನೆಯ ಖೋಲಿ, ಪ್ಲಾಸ್ಟಿಕ್ ಕುರ್ಚಿಗಳು, ಗ್ರೀಸ್ ವಾಸನೆ. ಚಾಚಾ ತಾವೇ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟರು. ಎಲ್ಲರೂ ಮರ್ಯಾದೆಯಿಂದ ಮಾತನಾಡಿಸುತ್ತಿದ್ದ ಒಬ್ಬ ಹೆಂಗಸು ಕಿಟಕಿಯ ಪಕ್ಕ ಕುಳಿತಿದ್ದರು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿ ನಿವೃತ್ತರಾದವರು. ಎಲ್ಲರಿಗೂ ಅವರು ಅಕ್ಕಾವ್ರು. ಅವರ ಕೈಯಲ್ಲಿ ಕತೆ ಇರಲಿಲ್ಲ, ಪೆನ್ನು ಮಾತ್ರ ಇತ್ತು.

ನಾನು ಓದಿದ್ದು ನನ್ನ ಮಾವಶಿಯ ಕತೆ. ಅವ್ವನ ತಂಗಿ. ಖಾನಾಪುರದಲ್ಲಿರುತ್ತಾಳೆ. ಹಂಚಿನ ಕಾರ್ಖಾನೆಯಲ್ಲಿ ಬಹಳ ವರ್ಷ ಕೆಲಸ ಮಾಡಿದವಳು. ಮದುವೆಯಾದ ನಾಲ್ಕನೆಯ ವರ್ಷಕ್ಕೆ ಅವಳ ಗಂಡ, ನಮ್ಮ ಕಾಕಾ, ಮನೆ ಬಿಟ್ಟು ಹೋದ. ಎಲ್ಲಿ ಹೋದ, ಯಾರ ಜೊತೆ ಇದ್ದ ಎಂಬ ಸುದ್ದಿ ಬರುತ್ತಿತ್ತು, ಹೋಗುತ್ತಿತ್ತು. ಒಂಬತ್ತು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಬಂದು ಬಾಗಿಲಲ್ಲಿ ನಿಂತ. ಮಾವಶಿ ಒಳಗೆ ಕರೆದಳು, ಕೂಡಿಸಿದಳು, ಚಹಾ ಮಾಡಿ ಕೊಟ್ಟಳು. ಅವನು ಕುಡಿದು ಮುಗಿಸಿದ ಮೇಲೆ, "ಒಂದೂವರಿಗೆ ಬೆಳಗಾಂವ ಬಸ್ ಐತಿ" ಅಂದಳು. ಅವನು ಎದ್ದು ಹೋದ. ಮಾವಶಿ ಕಪ್ಪು ತೊಳೆದಿಟ್ಟು ಎರಡು ಗಂಟೆಯ ಪಾಳಿಗೆಂದು ಹೊರಟಳು. ಅವಳು ನನಗೆ ಹೇಳಿದ್ದು ಇಷ್ಟು. ನಾನು ಬರೆದದ್ದೂ ಇಷ್ಟೇ.

ಓದಿ ಮುಗಿಸಿ ಹಾಳೆ ಮಡಚಿದೆ. ಆಮೇಲೆ ಒಬ್ಬರು "ಛಲೋ ಐತ್ರಿ" ಅಂದರು. ಇನ್ನೊಬ್ಬರೂ "ಛಲೋ ಐತಿ" ಅಂದರು. ಮೂರನೆಯವರು, "ಅಂತ್ಯ ಇನ್ನೂ ಆಗಬೇಕಿತ್ತು" ಎಂದು ಕುರ್ಚಿ ಸರಿಸಿದರು. ಖಾನಾಪುರದ ಹೆಂಗಸು ಮರಾಠಿಯಲ್ಲಿ ಮಾತಾಡಬೇಕೋ ಕನ್ನಡದಲ್ಲೋ ಎಂದು ಇಬ್ಬರು ವಾದಕ್ಕಿಳಿದರು. ನಮ್ಮ ಮನೆಮಾತು ಮರಾಠಿ, ನಾನು ಕಲಿತದ್ದು ಕನ್ನಡ ಶಾಲೆಯಲ್ಲಿ. ಮಾವಶಿ ಕಾರ್ಖಾನೆಯ ಗೆಳತಿಯರಿಂದ ಕನ್ನಡ ಕಲಿತವಳು. ನನ್ನ ಜೊತೆ ಒಂದು ಮಾತು ಅದರಲ್ಲಿ, ಒಂದು ಮಾತು ಇದರಲ್ಲಿ. ಇದನ್ನು ಅವರಿಗೆ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಬೇರೆಯವರು ಓದಲು ಶುರುಮಾಡಿದ್ದರು. ಹೊಗಳಿದರೋ, ಸಮಾಧಾನ ಮಾಡಿದರೋ, ಇನ್ನು ಬರಬೇಡ ಎಂದರೋ ನನಗೆ ಗೊತ್ತಾಗಲಿಲ್ಲ.

ಇಳಿಯುವಾಗ ಅಕ್ಕಾವ್ರು ಕೈ ಚಾಚಿದರು. "ಹಾಳಿ ಕೊಡ್ರಿ. ಮುಂದಿನ ಸಲ ತರ್ತೀನಿ."

ಹದಿನೈದು ದಿನದ ಮೇಲೆ ಅವರು ಕೊಟ್ಟದ್ದು ನನ್ನ ಹಾಳೆಗಳಲ್ಲ. ಇಡೀ ಕತೆಯನ್ನು ಗೆರೆ ಹಾಕಿದ ಬಿಳಿ ಹಾಳೆಗಳ ಮೇಲೆ ದುಂಡಗೆ, ಮುತ್ತು ಪೋಣಿಸಿದ ಹಾಗೆ ಬರೆದುಕೊಂಡು ಬಂದಿದ್ದರು. ವಾಕ್ಯಗಳು ನೆಟ್ಟಗಾಗಿದ್ದವು. ನನ್ನ ತಪ್ಪು ವಿಭಕ್ತಿಗಳೆಲ್ಲ ಸರಿಯಾಗಿದ್ದವು. ಕೊನೆಯ ಪುಟದಲ್ಲಿ ಮಾವಶಿ ಕಪ್ಪು ತೊಳೆಯುತ್ತಿರಲಿಲ್ಲ. ಗಂಡ ಹೋದ ಮೇಲೆ ಬಾಗಿಲು ಹಾಕಿಕೊಂಡು, ಅದಕ್ಕೆ ಬೆನ್ನು ಕೊಟ್ಟು, ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

"ಓದ್ರಿ" ಅಂದರು ಅಕ್ಕಾವ್ರು.

ಓದಿದೆ. ಈ ಸಲ ಎಲ್ಲರೂ ಒಟ್ಟಿಗೆ ಮಾತಾಡಿದರು. ಈಗ ಕತೆ ಆಯಿತು ಅಂದರು. ನನಗೂ ಓದುವಾಗ ಕೊನೆಯಲ್ಲಿ ಕಣ್ಣೊರೆಸಿಕೊಳ್ಳಬೇಕಾಗಿತ್ತು, ಅದೇ ನನಗೆ ಹೆಚ್ಚು ಗಲಿಬಿಲಿ. ನನ್ನದಲ್ಲದ ಸಾಲಿಗೆ ನನಗೇ ಯಾಕೆ ಅಳು ಬಂತು? ಬೇಡ ಎನ್ನಬೇಕೆಂದಿದ್ದೆ. ಆದರೆ ಎರಡು ವಾರ ಕೂತು ನನ್ನ ಕತೆಯನ್ನು ಕೈಯಾರೆ ಬರೆದು ತಂದ ಹಿರಿಯರಿಗೆ ಬೇಡ ಎನ್ನುವುದು ಹೇಗೆ? ನನಗಾಗಿ ಅಷ್ಟು ಹೊತ್ತು ಯಾರೂ ಖರ್ಚು ಮಾಡಿರಲಿಲ್ಲ. "ಉಪಕಾರ ಆತ್ರೀ ಅಕ್ಕಾವ್ರ" ಅಂದೆ. ಚಾಚಾ ಒಂದು ಮಾಸಪತ್ರಿಕೆಯ ವಿಳಾಸ ಹುಡುಕಿ ಕೊಟ್ಟರು. ಕಳಿಸಿದೆ.

ಕೆಲವು ತಿಂಗಳ ಮೇಲೆ ಅದು ಅಚ್ಚಾಗಿ ಬಂತು. ಮೇಲೆ ನನ್ನ ಹೆಸರು, ಬದಿಯಲ್ಲಿ ಒಂದು ಚಿತ್ರ. ಬಾಗಿಲಿಗೆ ಒರಗಿ ಮುಖ ಮುಚ್ಚಿಕೊಂಡ ಹೆಂಗಸು. ನನ್ನ ಗಂಡ ಅಚ್ಚರಿಯಿಂದ ಮೂರು ಸಲ ನನ್ನನ್ನು, ಮೂರು ಸಲ ಪುಟವನ್ನು ನೋಡಿದ. ಆಮೇಲೆ ನನ್ನನ್ನು ಕೇಳದೆ ಅದರ ಫೋಟೋ ತೆಗೆದು ಮನೆಮಂದಿಯ ವಾಟ್ಸಾಪ್ ಗ್ರೂಪಿಗೆ ಹಾಕಿಬಿಟ್ಟ. ಸಂಜೆ ಮಾವಶಿಯ ಫೋನು ಬಂತು.

"ಈ ಬಾಯಿ ಯಾರು?" ಅಂದಳು, ಚಿತ್ರದ ಹೆಂಗಸನ್ನು ಕುರಿತು. "ಬಾಗಲಕ ನಿಂತಾಕಿ?"

ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಬಾಗಿಲಿನ ಚಿತ್ರ ಸಾಕಾಗಿತ್ತು. "ಬಂದು ಓದಿ ಹೇಳು" ಅಂದಳು.

ಭಾನುವಾರ ಬೆಳಿಗ್ಗೆ ಅರ್ಧ ಕಿಲೋ ಕುಂದಾ ಕಟ್ಟಿಸಿಕೊಂಡು ಖಾನಾಪುರದ ಬಸ್ಸು ಹತ್ತಿದೆ. ಮಾವಶಿ ಕುಂದಾದ ಡಬ್ಬಿಯನ್ನು ನೋಡಲೂ ಇಲ್ಲ. ಚಾಪೆ ಹಾಸಿ ಕುಳಿತು, "ಹೂಂ" ಅಂದಳು. ನಾನು ಓದುತ್ತ ಹೋದೆ. ತಿಳಿಯದ ಕಡೆ ಮರಾಠಿಯಲ್ಲಿ ಹೇಳುತ್ತ ಹೋದೆ. ಕಾಕಾ ಬಂದು ನಿಂತದ್ದು, ಚಹಾ, ಬಸ್ಸಿನ ಹೊತ್ತು. ಅಲ್ಲಲ್ಲಿ ತಲೆಯಾಡಿಸುತ್ತಿದ್ದಳು. ಕೊನೆಯ ಸಾಲುಗಳನ್ನು ಬಿಟ್ಟುಬಿಡೋಣವೇ ಅನ್ನಿಸಿತು. ಬಿಡಲಿಲ್ಲ.

"ನಾ ಯಾವಾಗ ಅತ್ತೆ?"

"ಅದು ನಾ ಬರದಿಲ್ಲ ಮಾವಶಿ. ಅಲ್ಲಿ ಒಬ್ಬ ಅಕ್ಕಾವ್ರು ಅದಾರ, ಅವರು ತಿದ್ದಿದ್ದು."

"ಹೆಸರು ಯಾರದೈತಿ?"

"ನಂದು."

"ಹಂಗಾರ ನೀನ ಬರದಿ." ಡಬ್ಬಿ ತೆಗೆದು ಒಂದು ಚೂರು ಕುಂದಾ ಬಾಯಿಗೆ ಹಾಕಿಕೊಂಡಳು. "ನನ್ನ ಮನಿ ಮಾತು ಬರೀಬೇಕಾದ್ರ ನನ್ನ ಕೇಳಿ ಬರೀಬೇಕಿಲ್ಲೋ? ಹೋಗಲಿ. ಅಳಿಸಿದ್ಯಾಕ? ಆ ಮನಷಾನ ಸಲುವಾಗಿ ನಾ ಅತ್ತೆ ಅಂತ ಊರ ಮಂದಿ ತಿಳ್ಕೋಬೇಕೇನು?"

ಬೈಯಲಿಲ್ಲ. ಊಟ ಹಾಕಿದಳು. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ವಾಪಸು ಬರುವ ಬಸ್ಸಿನಲ್ಲಿ ನನಗೆ ಅಕ್ಕಾವ್ರ ಮೇಲೆ ಎಂಥ ಸಿಟ್ಟು ಬಂತೆಂದರೆ, ಮನೆಗೆ ಹೋಗದೆ ನೇರವಾಗಿ ಕೋಟೆಯ ಕಡೆಗಿದ್ದ ಅವರ ಮನೆಗೆ ಹೋದೆ.

ಅವರು ಅಂಗಳದಲ್ಲಿ ಒಣಗಿದ ಬಟ್ಟೆಗಳನ್ನು ತೆಗೆಯುತ್ತಿದ್ದರು. "ಬರ್ರಿ, ಕುಂದರ್ರಿ" ಅಂದರು. ನಾನು ಕೂರಲಿಲ್ಲ.

"ನಮ್ಮ ಮಾವಶಿ ಅತ್ತಿಲ್ಲಂತ್ರಿ."

ಅಕ್ಕಾವ್ರ ಕೈಯಲ್ಲಿದ್ದ ದುಪ್ಪಟ್ಟಿ ಅಲ್ಲೇ ನಿಂತಿತು. "ಖರೇನ ಇದ್ದಾಕಿ ಏನು ಆಕಿ? ನೀವು ಕಟ್ಟಿ ಬರದೀರಿ ಅಂತ ತಿಳಕೊಂಡಿದ್ದೆ."

"ಖರೇನ ಅದಾಳ. ಅಳಲಿಲ್ಲ ಅನ್ನೂದ ಆ ಕತಿರೀ ಅಕ್ಕಾವ್ರ. ಅದನ್ನ ತಗದ ಮ್ಯಾಲ ಅದರಾಗ ಏನ ಉಳೀತು?"

ಅವರು ದುಪ್ಪಟ್ಟಿಯನ್ನು ನಿಧಾನಕ್ಕೆ ಮಡಚಿದರು. "ಒಂಬತ್ತ ವರ್ಷ ಆದಮ್ಯಾಲ ಗಂಡ ಬರ್ತಾನ. ಚಹಾ ಕೊಟ್ಟು ಕಳಸತಾಳ. ಕಪ್ ತೊಳದು ಕೆಲಸಕ್ಕ ಹೋಗತಾಳ. ನನಗ ನಂಬಾಕ ಆಗಲಿಲ್ಲ. ನಾಕ ದಿನ ಪ್ರಯತ್ನ ಮಾಡಿದೆ. ಆಗಲೇ ಇಲ್ಲ." ಮಡಚಿದ್ದನ್ನು ಕಟ್ಟೆಯ ಮೇಲಿಟ್ಟು, "ನಿಮ್ಮ ಮಾವಶೀನ್ನ ನೋಡಬೇಕಲ್ಲ ನಾನು" ಅಂದರು.

ಜಗಳಕ್ಕೆಂದು ಹೋದವಳು ಮುಂದಿನ ಶನಿವಾರದ ಬಸ್ಸಿನ ಹೊತ್ತು ಗೊತ್ತುಮಾಡಿಕೊಂಡು ಮನೆಗೆ ಬಂದೆ. ಗಂಡ ಏನಾಯಿತೆಂದು ಕೇಳಿದ. ಹೇಳಲು ನನಗೇ ತಿಳಿದಿರಲಿಲ್ಲ.

ಆ ಶನಿವಾರ ಬಸ್ಸಿನಲ್ಲಿ, ದೇಸೂರು ದಾಟಿದ ಮೇಲೆ, ಅಕ್ಕಾವ್ರು ಕಿಟಕಿಯ ಕಡೆ ಮುಖ ಮಾಡಿಕೊಂಡು ತಮ್ಮ ಸುದ್ದಿ ಹೇಳಿದರು. ಟ್ರೇನಿಂಗ್ ಕಾಲೇಜಿನಲ್ಲಿದ್ದಾಗ ಅವರೂ ಎರಡು ಕತೆ ಬರೆದಿದ್ದರಂತೆ. ಮದುವೆಯಾದ ಮೇಲೆ ಯಾರೋ ಅದರಲ್ಲೊಂದನ್ನು ಓದಿ, ಇದು ನಿಮ್ಮ ಮನೆಯದೇ ಕತೆಯಲ್ಲವೇ ಎಂದು ನಕ್ಕರಂತೆ. ಅಲ್ಲಿಂದ ನಿಂತುಹೋಯಿತು. "ಮಂದೀದು ತಿದ್ದಿದ್ರ ಯಾರೂ ಹಂಗ ಕೇಳೂದಿಲ್ಲ ನೋಡ್ರಿ" ಅಂದರು. ಸಿಟ್ಟು ಮಾಡಿಕೊಂಡೇ ಇರಬೇಕೆಂದು ನಿರ್ಧರಿಸಿದ್ದೆ. ಅದು ಅಷ್ಟೊತ್ತಿಗೆ ಅರ್ಧ ಇಳಿದಿತ್ತು. ಅದಕ್ಕೂ ನನ್ನ ಮೇಲೇ ಸಿಟ್ಟು ಬಂತು.

ಮಾವಶಿ ಬಾಗಿಲಲ್ಲೇ ಕೇಳಿದಳು: "ನನ್ನ ಅಳಿಸಿದ ಬಾಯಾರು ಇವರ ಏನು?"

"ಹೌದ್ರೀ. ನಾನ" ಅಂದರು ಅಕ್ಕಾವ್ರು. "ತಪ್ಪಾಗಿದ್ರ ಬೈರಿ."

ಮಾವಶಿ ನಕ್ಕಳು. ಇಬ್ಬರೂ ಚಾಪೆಯ ಮೇಲೆ ಕೂತರು. ನನ್ನನ್ನು ಚಹಾ ಮಾಡಲು ಒಳಗೆ ಕಳಿಸಿದರು. ಅಡುಗೆಮನೆಗೂ ಪಡಸಾಲೆಗೂ ನಡುವೆ ಇರುವುದು ಎದೆಮಟ್ಟದ ಗೋಡೆ. ಎಲ್ಲ ಕೇಳಿಸುತ್ತಿತ್ತು. ಮೊದಲು ಮಂಡಿನೋವು, ಆಮೇಲೆ ಕಾರ್ಖಾನೆ, ಆಮೇಲೆ ಅಕ್ಕಾವ್ರ ಶಾಲೆ. ಆಮೇಲೆ ಅಕ್ಕಾವ್ರು ನೇರವಾಗಿ ಕೇಳಿದರು, "ಕಪ್ ತೊಳದಿಟ್ರಿ. ಆಮ್ಯಾಲ?"

ನಾನು ಯಾವತ್ತೂ ಕೇಳದ ಪ್ರಶ್ನೆ ಅದು. ಕಪ್ಪು ತೊಳೆದದ್ದಕ್ಕೇ ಕತೆ ಮುಗಿಯಿತೆಂದು ನಾನೇ ತೀರ್ಮಾನಿಸಿಕೊಂಡಿದ್ದೆ.

"ಆಮ್ಯಾಲ ಬಾಗಲ ಹಾಕ್ಕೊಂಡು ಹೊಂಟೆ" ಅಂದಳು ಮಾವಶಿ. "ಕಾರ್ಖಾನಿ ದಾರಿ ಬಿಟ್ಟು ಸ್ಟ್ಯಾಂಡ್ ಕಡೆ ಹ್ವಾದೆ."

"ಅವರನ್ನ ತಿರಗಿ ಕರಿಯಾಕೇನು?"

"ಯಾರಿಗೊತ್ತು? ಕಾಲು ಹ್ವಾದವು. ಹೋಗೂತನಾ ಬಸ್ ಹೋಗಿತ್ತು. ಅಲ್ಲೇ ಕಟ್ಟಿ ಮ್ಯಾಲ ಕುಂತೆ. ಪಾಳಿ ತಪ್ಪಿತು ಅವತ್ತು. ಅಷ್ಟ ವರ್ಷದಾಗ ಅದೊಂದ ದಿನ."

"ಅತ್ರೇನು?"

"ನೆನಪಿಲ್ಲವ್ವಾ. ಬಾಜು ಕುಂತಿದ್ದ ಯಾವಾಕ್ಯೋ ಒಬ್ಬಾಕಿ ತಂಬಗಿ ತಗದು ನೀರು ಕೊಟ್ಟಳು. ಅದಷ್ಟ ನೆನಪೈತಿ. ಯಾಕ ಕೊಟ್ಟಳು ಆಕಿ? ಅತ್ತಿದ್ದೆನೇನೋ. ಬರೇ ಬಿಸಲಿಗೇನೋ."

ಚಹಾ ಉಕ್ಕಿ ಒಲೆಯ ಮೇಲೆಲ್ಲ ಚೆಲ್ಲಿತು. ಒರೆಸುತ್ತ ನಿಂತೆ. ಕೈ ಒಂದು ಕಡೆ, ತಲೆ ಒಂದು ಕಡೆ. ನಾನು ಬರೆದದ್ದು ನಿಜ, ಅಕ್ಕಾವ್ರು ಬರೆದದ್ದು ಸುಳ್ಳು ಎಂದು ಹೇಳುತ್ತ ವಾರವಿಡೀ ತಿರುಗಾಡಿದ್ದೆ. ಈಗ ನೋಡಿದರೆ, ಮಾವಶಿಯನ್ನು ಕಣ್ಣಿಂದ ನೋಡದ ಅಕ್ಕಾವ್ರಿಗೆ ನನಗಿಂತ ಹೆಚ್ಚು ಗೊತ್ತಿತ್ತೋ, ಇಲ್ಲ ಕುರುಡು ಏಟು ಹತ್ತಿರ ಬಿದ್ದಿತ್ತೋ? ಇಷ್ಟು ವರ್ಷ ಈ ಮನೆಯಲ್ಲಿ ಉಂಡು ಮಲಗಿದ ನಾನು ಏನನ್ನು ನೋಡಿದ್ದೆ?

ಹೊರಡುವಾಗ ಮಾವಶಿಯನ್ನು ಪಕ್ಕಕ್ಕೆ ಕರೆದೆ. "ನನಗ ಯಾಕ ಹೇಳಲಿಲ್ಲ ಇದನ್ನ?"

"ನೀ ಕೇಳಿಸ್ಕೊಂತಿದ್ದಿ" ಅಂದಳು. "ಆಕಿ ಕೇಳಿದಳು."

ಇಬ್ಬರೂ ವಾಪಸು ಬಸ್ಸು ಹತ್ತಿದೆವು. ಬೆಳಗಾವಿ ಹತ್ತಿರವಾದಾಗ ಅಕ್ಕಾವ್ರು ನನ್ನ ಮೊಣಕೈ ಮುಟ್ಟಿದರು. "ಆ ಸ್ಟ್ಯಾಂಡಿಂದು ನಾ ಬರೀಲೇನು?"

"ಬರೀರಿ" ಅಂದೆ.

ಅಂದ ಕ್ಷಣದಿಂದಲೇ ಒಳಗೆ ಕುದಿಯಲು ಶುರುವಾಯಿತು. ನನ್ನ ಮಾವಶಿ, ನಾನು ಕರೆದುಕೊಂಡು ಹೋದದ್ದು, ನಾನು ಚಹಾ ಮಾಡಿದ್ದು. ಇಷ್ಟೂ ವರ್ಷ ಬರೆಯದೇ ಇದ್ದವರು ಈಗ ನನ್ನ ಬುತ್ತಿಗೇ ಕೈ ಹಾಕಬೇಕೇ? ಒಂದು ವಾರ ಬಿಲ್ಲುಗಳಲ್ಲೂ ತಪ್ಪು ಮಾಡಿದೆ. ಕಡೆಗೆ ಚಾಚಾನ ಅಂಗಡಿಗೆ ಹೋಗಿ ಎಲ್ಲ ಹೇಳಿದೆ. ಅವರು ಪಾಟಾದ ಮೇಲಿನ ತುಕ್ಕು ಉಜ್ಜುತ್ತಲೇ ಕೇಳಿಸಿಕೊಂಡರು.

"ಆಕಿಗೆ ಕೊಡಾಕ ನಿಂದ ಎಲ್ಲೈತಿ ಬೇಟಿ ಅದು? ನಿಮ್ಮ ಮಾವಶೀನ್ನ ಯಾರರೆ ಕೇಳೀರೇನು?"

ನಾಚಿಕೆಯಾಯಿತು. ಅಲ್ಲಿಂದಲೇ ಮಾವಶಿಗೆ ಫೋನು ಮಾಡಿದೆ. ಅಕ್ಕಾವ್ರು ಬರೆಯಬೇಕೆನ್ನುತ್ತಾರೆ, ನಿನ್ನ ಒಪ್ಪಿಗೆ ಇದೆಯೇ ಎಂದೆ.

"ಆಕಿ ಸೋಮವಾರನ ಫೋನ್ ಮಾಡಿ ಕೇಳಿದಳು" ಅಂದಳು ಮಾವಶಿ. "ಬರಿ ಅಂದೇನಿ. ನೀ ಈಗ ಕೇಳಾಕತ್ತಿ?"

ನನ್ನ ಮುಖ ನೋಡಿ ಚಾಚಾಗೆ ಎಲ್ಲ ತಿಳಿಯಿತು. ಚಹಾ ಕೊಟ್ಟರು. ಬುದ್ಧಿ ಹೇಳಲಿಲ್ಲ. ಹೇಳಿದ್ದರೆ ಒಳ್ಳೆಯದಿತ್ತೇನೋ.

ಅಕ್ಕಾವ್ರು ಓದುವ ಭಾನುವಾರ ನಾನು ಹೋಗಬಾರದೆಂದಿದ್ದೆ. ಹೋದೆ. ಅವರ ಕೈಯಿಂದ ಮೊದಲ ಪುಟ ಎರಡು ಸಲ ಕೆಳಗೆ ಬಿತ್ತು. ಅವರ ಕತೆಯಲ್ಲಿ ಮಾತಾಡುತ್ತಿದ್ದವಳು ಮಾವಶಿಯೇ ಅಲ್ಲ. ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ತಂಬಿಗೆ ಹಿಡಿದು ಕುಳಿತಿದ್ದ ಆ ಹೆಂಗಸು. ಪಕ್ಕದಲ್ಲಿ ಯಾರೋ ಬಂದು ಕೂರುತ್ತಾಳೆ, ಹೋದ ಬಸ್ಸಿನ ದಾರಿ ನೋಡುತ್ತಾಳೆ, ಇವಳು ನೀರು ಕೊಡುತ್ತಾಳೆ. ಕೂತವಳು ಅತ್ತಳೋ ಇಲ್ಲವೋ, ಎಲ್ಲೂ ಬರೆದಿರಲಿಲ್ಲ. ನಾನು ಅಳು ಬರುವ ಜಾಗಕ್ಕಾಗಿ ಕಾಯುತ್ತಿದ್ದೆ. ಬರಲೇ ಇಲ್ಲ. ನನಗೆ ತೋಚದೇ ಹೋದದ್ದು ಅವರಿಗೆ ತೋಚಿತ್ತು.

ಮುಗಿದ ಮೇಲೆ ಅವೇ ಮಾತುಗಳು. "ಛಲೋ ಐತ್ರಿ" ಎಂದಿತು ಒಂದು ದನಿ. "ಅಂತ್ಯ ಇನ್ನೂ ಆಗಬೇಕಿತ್ತು" ಎಂದಿತು ಇನ್ನೊಂದು. ಅಕ್ಕಾವ್ರು ತಲೆ ಎತ್ತಿ ನನ್ನತ್ತ ನೋಡಿದರು. ಮೊದಲ ದಿನ ಆ ಕುರ್ಚಿಯಲ್ಲಿ ಕೂತಾಗ ನನ್ನ ಮುಖವೂ ಹೀಗೇ ಇದ್ದಿರಬೇಕು.

"ನೀವು ಹೇಳ್ರಿ" ಅಂದರು.

ಹೊಗಳಿದರೆ ಸೋತಂತೆ, ತೆಗಳಿದರೆ ಹೊಟ್ಟೆಕಿಚ್ಚಿನಂತೆ. ಏನು ಹೇಳಿದರೂ ಯಾವ ಕಾರಣಕ್ಕೆ ಹೇಳುತ್ತಿದ್ದೇನೆಂದು ನನಗೇ ಖಾತ್ರಿ ಇರಲಿಲ್ಲ. ಕಣ್ಣೆದುರು ಆ ಕಟ್ಟೆಯನ್ನು ತಂದುಕೊಂಡೆ. ತಂಬಿಗೆ ಹಿಡಿದ ಕೈಯನ್ನಷ್ಟೇ ನೋಡಿದೆ.

"ನೀರು ಕೊಟ್ಟಾಕಿ ಭಾಳ ಮಾತಾಡತಾಳ್ರೀ ಅಕ್ಕಾವ್ರ. ಸಮಾಧಾನ ಮಾಡಾಕ ಹೋಗತಾಳ. ಖರೇ ಹೆಂಗಸಾದ್ರ ನೀರು ಕೊಟ್ಟು ಬ್ಯಾರೆ ಕಡೆ ನೋಡತಿದ್ದಳು."

ಖೋಲಿಯಲ್ಲಿ ಯಾರೋ ಕೆಮ್ಮಿದರು. ಅಕ್ಕಾವ್ರು ಹಾಳೆಯನ್ನು ಮೊಣಕಾಲ ಮೇಲಿಟ್ಟುಕೊಂಡು ನೋಡಿದರು, ಮತ್ತೆ ನೋಡಿದರು. ಅಲ್ಲೇ ಆರು ಸಾಲು ಹೊಡೆದು ಹಾಕಿದರು. "ಹೌದ್ರಿ" ಅಂದರು. ಇಷ್ಟೇ. ನನಗೆ ಇದ್ದಕ್ಕಿದ್ದಂತೆ ಸಂತೋಷವಾಯಿತು. ಪತ್ರಿಕೆಯಲ್ಲಿ ನನ್ನ ಹೆಸರು ನೋಡಿದಾಗ ಆಗದಿದ್ದ ಸಂತೋಷ. ಸೇಡು ತೀರಿದ ಸಂತೋಷವೋ ಕೆಲಸಕ್ಕೆ ಬಂದೆನೆಂಬ ಸಂತೋಷವೋ ಎಂದು ಮೆಟ್ಟಿಲಿಳಿಯುವಾಗ ಯೋಚಿಸಿದೆ. ಬಗೆಹರಿಯಲಿಲ್ಲ.

ಈಗ ಮಾವಶಿಯ ಕತೆ ಮೂರಿವೆ. ಅಚ್ಚಾದದ್ದು ಒಂದು, ಚಲನ್ ಹಾಳೆಯ ಹಿಂಬದಿಯದು ಒಂದು, ಅಕ್ಕಾವ್ರದು ಒಂದು. ಮುಂದೆ ಯಾವತ್ತಾದರೂ ನನ್ನ ಕತೆಗಳು ಪುಸ್ತಕವಾದರೆ ಯಾವುದನ್ನು ಸೇರಿಸಲಿ? ಅಚ್ಚಾದದ್ದು ನನ್ನದಲ್ಲ. ನನ್ನದು ಪೂರ್ತಿ ನಿಜವಲ್ಲ ಎಂದು ಗೊತ್ತಾಗಿದೆ. ಅಕ್ಕಾವ್ರನ್ನೇ ಕೇಳಿದೆ. "ನನಗೂ ತಿಳೀವಲ್ದು" ಅಂದರು. ಮೂವತ್ತು ವರ್ಷ ಕಲಿಸಿದವರ ಬಾಯಿಂದ ಅದನ್ನು ಕೇಳಿ ಒಂಥರಾ ಧೈರ್ಯ ಬಂತು.

ಮಳೆಗಾಲ ಮುಗಿದ ಮೇಲೆ ಒಂದು ದಿನ ಫೋನಿಗೆ ಒಂದು ಫೋಟೋ ಬಂತು. ಖಾನಾಪುರದ ಹತ್ತಿರದ ಹಲಸಿ ಊರಿನ ಗುಡಿಯ ಮೆಟ್ಟಿಲ ಮೇಲೆ ಅಕ್ಕಾವ್ರು, ಮಾವಶಿ ಇಬ್ಬರೂ ಕೂತಿದ್ದರು. ನನಗೆ ಹೇಳದೆ ಹೋಗಿದ್ದರು. ಮಾವಶಿ ಹಲ್ಲು ಕಾಣುವಂತೆ ನಗುತ್ತಿದ್ದಳು. ಅಂಥ ನಗುವಿನ ಫೋಟೋ ನಮ್ಮ ಮನೆಯಲ್ಲಿ ಒಂದೂ ಇಲ್ಲ. ಅವಳ ಮುಖವನ್ನಷ್ಟೇ ದೊಡ್ಡದು ಮಾಡಿ ನೋಡಿದೆ. ಕಣ್ಣು ತುಂಬಿತು. ಕೂಡಲೇ ಅಕ್ಕಾವ್ರಿಗೆ ಫೋನು ಮಾಡಿದೆ.

"ನನ್ನ ಯಾಕ ಕರೀಲಿಲ್ರೀ?"

"ನೀವು ಕೆಲಸದಾಗ ಇರ್ತೀರಿ ಅಂತ..." ಎಂದು ಶುರುಮಾಡಿ ನಿಲ್ಲಿಸಿದರು. ಫೋನು ಮಾವಶಿಯ ಕೈಗೆ ಹೋಯಿತು.

"ನೀ ಬಂದ್ರ ಬರೇ ನೋಡಕೋತ ಕುಂದರ್ತಿ" ಅಂದಳು. "ಶನಿವಾರ ಬಾ. ನಾಕ ಮಾತಾಡು. ನಿಂದೂ ಏನರೆ ಹೇಳು."

ಏನು ಹೇಳಬೇಕೆಂದು ಗೊತ್ತಿಲ್ಲ. ಹೊಸ ಕತೆಯೊಂದು ಅರ್ಧಕ್ಕೆ ಬಂದು ನಿಂತಿದೆ. ಅದರಲ್ಲಿ ಮಾವಶಿ ಇಲ್ಲ. ಲಾರಿಯೂ ಇಲ್ಲ ಎಂದು ಚಾಚಾಗೆ ಬೇಸರ. ಅದನ್ನು ಈ ಶನಿವಾರ ಚಾಪೆಯ ಮೇಲೆ ಕೂತು ಆ ಇಬ್ಬರ ಮುಂದೆ ಓದಬೇಕೋ, ಇಲ್ಲ ಮಾವಶಿ ಅಂದ ಹಾಗೆ ಬರೀ ಮಾತಾಡಬೇಕೋ ಇನ್ನೂ ನಿರ್ಧಾರವಾಗಿಲ್ಲ. ಅಂಗಡಿಯಲ್ಲಿ ಅರ್ಧ ದಿನದ ರಜೆ ಮಾತ್ರ ಕೇಳಿಟ್ಟಿದ್ದೇನೆ.